ಕುಡಿತ ಬಿಡಿಸುವ ವಸತಿ ಚಿಕಿತ್ಸೆ: ಒಳಗೆ ನಡೆಯುವುದೇನು, ಮನೆಯವರು ಮಾಡಬೇಕಾದುದೇನು?

ಕುಡಿತದ ಚಟಕ್ಕೆ ಸಿಕ್ಕಿದವರನ್ನು ಆಸ್ಪತ್ರೆಗೆ ಸೇರಿಸುವ ಮಾತು ಬಂದಾಗ ನಮ್ಮ ಹಳ್ಳಿಗಳಲ್ಲಿ ಎರಡು ಬಗೆಯ ಎಣಿಕೆಗಳು ಕಂಡುಬರುತ್ತವೆ. ಅಲ್ಲಿ ಒಂದು ಸೂಜಿ ಚುಚ್ಚಿ ಅಥವಾ ಒಂದು ಮಾತ್ರೆ ನುಂಗಿಸಿ, ಇನ್ನು ಜೀವಮಾನದಲ್ಲಿ ಹೆಂಡದ ವಾಸನೆಯೇ ಹಿಡಿಸದಂತೆ ಮಾಡಿ ಕಳುಹಿಸುತ್ತಾರೆ ಎಂದು ಕೆಲವರು ನಂಬಿರುತ್ತಾರೆ. ಅದೊಂದು ಸೆರೆಮನೆ, ಕೂಡಿಹಾಕಿ ಹೊಡೆದು ಬುದ್ಧಿ ಕಲಿಸುತ್ತಾರೆ ಎಂದು ಉಳಿದವರು ಹೆದರುತ್ತಾರೆ. ಮೊದಲನೆಯ ಎಣಿಕೆಯಿಂದ ಹೋದವರು ಮೂರು ತಿಂಗಳಲ್ಲಿ ನಿರಾಶರಾಗುತ್ತಾರೆ; ಎರಡನೆಯ ಎಣಿಕೆಯವರು ಹೋಗುವುದೇ ಇಲ್ಲ. ವಸತಿ ಚಿಕಿತ್ಸೆಯ ಮೊದಲ ಕೆಲಸ ಪ್ರಾಣ ಕಾಪಾಡುವುದು. ಎರಡನೆಯ ಕೆಲಸ ಕುಡಿಯದೆ ದಿನ ಕಳೆಯುವುದನ್ನು ಕಲಿಸುವುದು. ಈ ಎರಡನೆಯ ಕೆಲಸ ಆಸ್ಪತ್ರೆಯಲ್ಲಿ ಆರಂಭವಾಗುತ್ತದೆಯೇ ಹೊರತು ಅಲ್ಲಿಯೇ ಮುಗಿಯುವುದಿಲ್ಲ. ಇದನ್ನು ಮೊದಲೇ ತಿಳಿದು ಹೋದ ಕುಟುಂಬಕ್ಕೆ ಹೆಚ್ಚು ಪ್ರಯೋಜನವಾಗುತ್ತದೆ.

ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ಮಾರಾಟ ನಿಂತಿತು. ಸಾರಾಯಿ ಹೋಯಿತು, ಚಟ ಹೋಗಲಿಲ್ಲ. ಕುಡಿಯುವವರು ಅಗ್ಗದ ಇತರ ಮದ್ಯಗಳಿಗೆ ತಿರುಗಿದರು. ದೆಹಲಿಯ ಏಮ್ಸ್ ಸಂಸ್ಥೆ ಇಡೀ ದೇಶದಲ್ಲಿ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಪೂರ್ತಿ ದಾಸರಾದವರಲ್ಲಿ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತದ್ದು ಸುಮಾರು 38 ಮಂದಿಯಲ್ಲಿ ಒಬ್ಬರಿಗೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವರು ಸುಮಾರು 180 ಮಂದಿಯಲ್ಲಿ ಒಬ್ಬರು. ಹಣದ ಅಭಾವ ಇದಕ್ಕೆ ಒಂದು ಕಾರಣವಿರಬಹುದು. ಆದರೆ ನಾಚಿಕೆ ಮತ್ತು ತಿಳಿವಳಿಕೆಯ ಕೊರತೆ ಅದಕ್ಕಿಂತ ದೊಡ್ಡ ಕಾರಣಗಳೆಂದು ಹಳ್ಳಿಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ಯಾರಿಗೆ ಒಳರೋಗಿ ಚಿಕಿತ್ಸೆ ಬೇಕು?

ಕುಡಿಯುವವರೆಲ್ಲರನ್ನೂ ಸೇರಿಸಬೇಕಾಗಿಲ್ಲ. ಅನೇಕರಿಗೆ ಹೊರರೋಗಿಯಾಗಿ ವಾರಕ್ಕೊಮ್ಮೆ ವೈದ್ಯರನ್ನು ಕಂಡು, ಮಾತ್ರೆ ಮತ್ತು ಸಲಹೆ ಪಡೆದರೆ ಸಾಕಾಗುತ್ತದೆ. ಬೆಳಿಗ್ಗೆ ಎದ್ದೊಡನೆ ಕೈ ನಡುಗುವುದು, ಒಂದು ಗುಟುಕು ಹಾಕಿದ ಮೇಲೆ ನಡುಕ ನಿಲ್ಲುವುದು, ಹಿಂದೊಮ್ಮೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿರುವುದು ಅಥವಾ ಭ್ರಮೆ ಹಿಡಿದಿರುವುದು, ಕಾಮಾಲೆ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಜೊತೆಗಿರುವುದು, ಸಾಯುವ ಮಾತನ್ನಾಡುವುದು, ಮನೆಯಲ್ಲಿ ನೋಡಿಕೊಳ್ಳುವವರೇ ಇಲ್ಲದಿರುವುದು — ಇವುಗಳಲ್ಲಿ ಒಂದಿದ್ದರೂ ಒಳಗೆ ಸೇರಿಸುವುದೇ ಕ್ಷೇಮ.

ಪ್ರಮಾಣದ ಲೆಕ್ಕವನ್ನೂ ಒಮ್ಮೆ ನೋಡೋಣ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ನೂರಕ್ಕೆ ಸುಮಾರು 42.8 ಭಾಗ ಮದ್ಯಸಾರವಿರುತ್ತದೆ. 180 ಮಿ.ಲೀ.ನ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಸೇರಿರುತ್ತದೆ. ಯಕೃತ್ತು ಗಂಟೆಗೆ ಏಳರಿಂದ ಹತ್ತು ಗ್ರಾಂನಷ್ಟನ್ನು ಮಾತ್ರ ಸುಡಬಲ್ಲದು. ರಾತ್ರಿ ಒಂಬತ್ತಕ್ಕೆ ಎರಡು ಕ್ವಾರ್ಟರ್ ಮುಗಿಸಿದವನ ರಕ್ತ ಮರುದಿನ ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುವುದೂ ಕಷ್ಟ. ಅಷ್ಟರಲ್ಲಿ ಅವನು ಮತ್ತೆ ಆರಂಭಿಸಿರುತ್ತಾನೆ. ಇಂತಹವನ ನರಮಂಡಲ ವರ್ಷಗಟ್ಟಲೆ ಮದ್ಯದಲ್ಲಿಯೇ ನೆನೆದಿರುತ್ತದೆ. ಅವನು "ನಾಳೆಯಿಂದ ಬಿಟ್ಟೆ" ಎಂದು ಮನೆಯಲ್ಲಿಯೇ ಒಮ್ಮೆಗೇ ನಿಲ್ಲಿಸಿದರೆ ಅಪಾಯ ಕಟ್ಟಿಟ್ಟದ್ದು.

ಎಲ್ಲಿಗೆ ಹೋಗಬೇಕು?

ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಹಳ್ಳಿಗೆ ಮಾನಸಿಕ ಆರೋಗ್ಯ ಸೇವೆ ತಲುಪಿಸುವ ಜಿಲ್ಲಾ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ. ಜಿಲ್ಲೆಯಲ್ಲಿ ಆಗದ ಕಠಿಣ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಇವೆ. ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋರೋಗ ವಿಭಾಗಗಳಲ್ಲಿಯೂ ಈ ಚಿಕಿತ್ಸೆ ದೊರೆಯುತ್ತದೆ. ಇವಲ್ಲದೆ ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಧನಸಹಾಯದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ವ್ಯಸನಿಗಳ ಪುನರ್ವಸತಿ ಕೇಂದ್ರಗಳಿವೆ. ಎಲ್ಲಿ ವಿಚಾರಿಸಬೇಕೆಂದು ತೋಚದವರು 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿಗೆ ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು.

ಕರ್ನಾಟಕದ ಓದುಗರಿಗೆ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಪರಿಚಿತವೇ. ಸುಮಾರು ಒಂದು ವಾರ ಊರಿನ ಸಮೀಪದಲ್ಲಿಯೇ ಹಲವರನ್ನು ಒಟ್ಟಿಗೆ ಇರಿಸಿ, ಊಟ, ಯೋಗ, ಭಜನೆ, ಆಪ್ತ ಸಲಹೆಗಳೊಡನೆ ಶಿಬಿರ ನಡೆಯುತ್ತದೆ. ಆಮೇಲೆ ನವಜೀವನ ಸಮಿತಿಯ ಸಭೆಗಳು ಮುಂದುವರಿಯುತ್ತವೆ. ಈ ಮುಂದುವರಿಯುವ ಸಭೆಗಳೇ ಶಿಬಿರಗಳ ದೊಡ್ಡ ಬಲವೆಂದು ನಮ್ಮ ಅಭಿಪ್ರಾಯ. ನೆರೆಯ ತಮಿಳುನಾಡಿನಲ್ಲಿಯೂ, ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈನಲ್ಲಿ ಆರಂಭಿಸಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನವು ಮಂಜಕ್ಕುಡಿ ಎಂಬ ಗ್ರಾಮದಲ್ಲಿ ಇಂತಹ ಶಿಬಿರಗಳನ್ನು ನಡೆಸಿದೆ. ಆದರೆ ಫಿಟ್ಸ್ ಬಂದವರು, ಭ್ರಮೆ ಹಿಡಿದವರು, ಕಾಮಾಲೆಯವರು ಮೊದಲು ಆಸ್ಪತ್ರೆಗೆ ಹೋಗಿ ದೇಹವನ್ನು ಹದಕ್ಕೆ ತಂದುಕೊಂಡೇ ಶಿಬಿರಕ್ಕೆ ಬರಬೇಕು.

ಖಾಸಗಿ ಕೇಂದ್ರವನ್ನು ಆರಿಸುವವರು ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳತಕ್ಕದ್ದು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೆ? ವೈದ್ಯರು ದಿನವೂ ಬರುತ್ತಾರೆಯೆ? ರಾತ್ರಿ ಫಿಟ್ಸ್ ಬಂದರೆ ನೋಡುವವರು ಯಾರು? ಮನೆಯವರು ಭೇಟಿಯಾಗಬಹುದೆ? "ನೂರಕ್ಕೆ ನೂರು ಗ್ಯಾರಂಟಿ" ಎಂದು ಗೋಡೆಯ ಮೇಲೆ ಬರೆಸಿದವರಿಂದ ದೂರವಿರುವುದು ಲೇಸು. ಇಂತಹ ಗ್ಯಾರಂಟಿಯನ್ನು ಯಾವ ತಿಳಿದ ವೈದ್ಯನೂ ಕೊಡಲಾರ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು 2018ರಿಂದ ಜಾರಿಯಲ್ಲಿದ್ದು, ಮದ್ಯವ್ಯಸನದಿಂದ ಬರುವ ತೊಂದರೆಗಳೂ ಅದರ ವ್ಯಾಪ್ತಿಗೆ ಸೇರುತ್ತವೆ. ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟುವಂತಿಲ್ಲ. ಸ್ವಇಚ್ಛೆಯಿಂದ ಸೇರಿದವನು ಬಿಡುಗಡೆ ಕೇಳಿದರೆ ಬಿಡಬೇಕಾಗುತ್ತದೆ. ತನಗಾಗಲಿ ಇತರರಿಗಾಗಲಿ ಅಪಾಯ ತಂದುಕೊಳ್ಳುವ ಸ್ಥಿತಿಯಲ್ಲಿದ್ದು, ನಿರ್ಧರಿಸಲು ಅಶಕ್ತನಾಗಿರುವವನನ್ನು ಮಾತ್ರ, ಇಬ್ಬರು ತಜ್ಞರು ಪರೀಕ್ಷಿಸಿದ ಮೇಲೆ, ಅವನ ನಾಮಕರಣಗೊಂಡ ಪ್ರತಿನಿಧಿಯ ಕೋರಿಕೆಯಂತೆ ಮೊದಲಿಗೆ 30 ದಿನದವರೆಗೆ ಇರಿಸಿಕೊಳ್ಳಬಹುದು. ನಡುರಾತ್ರಿ ನಾಲ್ಕು ಜನ ಬಂದು ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುವ ಪದ್ಧತಿಗೆ ಕಾನೂನಿನ ಆಧಾರವಿಲ್ಲ. ಹಾಗೆ ಹೋದವನು ಒಳಗೆ ಏನನ್ನೂ ಕಲಿಯದೆ ಮನೆಯವರ ಮೇಲಿನ ಹಗೆಯನ್ನು ಮಾತ್ರ ಹೊತ್ತು ಬರುತ್ತಾನೆ.

ಹೊರಡುವ ಮುನ್ನ

ಒಕ್ಕಲುತನದ ಮನೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು: "ಕೊಯ್ಲು ಮುಗಿಯಲಿ." ಕೊಯ್ಲು ಮುಗಿದರೆ ಕೈಯಲ್ಲಿ ಹಣ ಬರುತ್ತದೆ, ಹಣ ಬಂದರೆ ಕುಡಿತ ಹೆಚ್ಚುತ್ತದೆ, ಅಷ್ಟರಲ್ಲಿ ಮತ್ತೆ ಬಿತ್ತನೆ. ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದರೆ ಕಾಲ ನೋಡುತ್ತ ಕೂರಬಾರದು. ಹಾಗಿಲ್ಲದಿದ್ದಲ್ಲಿ ಬಿತ್ತನೆ ಮುಗಿದು ಮೊದಲ ಎಡೆ ಹೊಡೆದ ಮೇಲಿನ ಬಿಡುವು, ಅಥವಾ ಸುಗ್ಗಿಗೆ ಒಂದು ತಿಂಗಳ ಮೊದಲು ಅನುಕೂಲ. ಸುಗ್ಗಿಯ ಹಣ ಕೈಗೆ ಬರುವಾಗ ರೋಗಿಯು ಚಿಕಿತ್ಸೆ ಮುಗಿಸಿ ಒಂದೆರಡು ವಾರವಾದರೂ ಮನೆಯಲ್ಲಿ ಇದ್ದಿರಬೇಕು, ಬಿಡುಗಡೆಯ ದಿನವೇ ಹಣ ಕೈಗೆ ಬೀಳಬಾರದು.

ವಸತಿಯ ಅವಧಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೆಯವರೊಬ್ಬರು ಜೊತೆಗಿರಬೇಕಾಗುತ್ತದೆ. ಆದುದರಿಂದ ಹಾಲು ಕರೆಯುವವರು, ನೀರಿನ ಸರದಿ ನೋಡುವವರು, ಸಂಘದ ಕಂತು ಕಟ್ಟುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಸು ಕರೆಯುವವರಿಲ್ಲವೆಂದು ಐದನೆಯ ದಿನವೇ ರೋಗಿಯನ್ನು ಬಿಡಿಸಿಕೊಂಡು ಬರುವುದು ಅಪರೂಪವೇನಲ್ಲ. ಪಡಿತರ ಚೀಟಿ, ಆಧಾರ್, ಹಿಂದಿನ ಚಿಕಿತ್ಸೆಯ ಕಾಗದಗಳು ಮತ್ತು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಒಯ್ಯಬೇಕು. ಎಷ್ಟು ಕುಡಿಯುತ್ತಾರೆ, ಕೊನೆಯ ಬಾರಿ ಕುಡಿದದ್ದು ಯಾವಾಗ ಎಂಬುದನ್ನು ವೈದ್ಯರಿಗೆ ನಿಜವಾಗಿ ಹೇಳಬೇಕು. ಮರ್ಯಾದೆಗೆ ಅಂಜಿ ಅರ್ಧ ಹೇಳಿದರೆ ಔಷಧಿಯ ಪ್ರಮಾಣವೂ ಅರ್ಧವಾಗಿ ತೊಂದರೆಯಾಗುತ್ತದೆ. ದಾರಿಯಲ್ಲಿ ಕುಡಿದೇ ಬಂದರೂ ಹೆದರಬೇಕಾಗಿಲ್ಲ. ವೈದ್ಯರಿಗೆ ಅದು ಹೊಸದಲ್ಲ.

ಮೊದಲ ವಾರ

ಮದ್ಯವು ಮಿದುಳಿನ ವೇಗವನ್ನು ತಗ್ಗಿಸುವ ಪದಾರ್ಥ. ದಿನವೂ ಅದು ಬೀಳುತ್ತಿದ್ದರೆ, ಅದರ ಭಾರಕ್ಕೆ ಎದುರಾಗಿ ಮಿದುಳು ಹೆಚ್ಚು ಜಗ್ಗಿ ಕೆಲಸ ಮಾಡಲು ರೂಢಿಸಿಕೊಳ್ಳುತ್ತದೆ. ಏರಿನಲ್ಲಿ ಭಾರದ ಗಾಡಿಯನ್ನು ಎಳೆಯುತ್ತಿರುವ ಎತ್ತುಗಳ ಮಿಣಿ ಹರಿದರೆ ಅವು ಮುಂದಕ್ಕೆ ಮುಗ್ಗರಿಸುವಂತೆ, ಮದ್ಯ ಒಮ್ಮೆಲೆ ನಿಂತಾಗ ನರಮಂಡಲ ಹಿಡಿತ ತಪ್ಪುತ್ತದೆ. ಕೊನೆಯ ಗುಟುಕಿನ ಆರರಿಂದ ಹನ್ನೆರಡು ಗಂಟೆಯೊಳಗೆ ಕೈನಡುಕ, ಬೆವರು, ವಾಕರಿಕೆ, ತಳಮಳ, ನಿದ್ರೆಯಿಲ್ಲದಿರುವುದು ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಬರುವ ಸನ್ನಿ ಎಲ್ಲಕ್ಕಿಂತ ಅಪಾಯಕರ. ಜ್ವರ ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ. ದಿನ, ಜಾಗ, ಜನ ಗೊತ್ತಾಗುವುದಿಲ್ಲ. ಗೋಡೆಯ ಮೇಲೆ ಹಾವು, ಹುಳ ಹರಿದಂತೆ ಕಾಣುತ್ತದೆ. ಮಂಚದ ಮೇಲೆ ಮಲಗಿದ್ದುಕೊಂಡೇ ನೀರು ಕಟ್ಟುವಂತೆ, ಎತ್ತು ಹೊಡೆಯುವಂತೆ ಕೈಯಾಡಿಸುವವರಿದ್ದಾರೆ. ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕಿತೆಂದು ತಿಳಿದು ತಾಯಿತ ಕಟ್ಟಿಸಲು ಓಡಾಡಿ ಅಮೂಲ್ಯ ವೇಳೆಯನ್ನು ಕಳೆಯುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ಸನ್ನಿಯಿಂದ ಸಾವೂ ಸಂಭವಿಸುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಆದರೆ ಹಿಂದೊಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಹೆಚ್ಚು.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ನಿರ್ಬಂಧದಿಂದ ಮದ್ಯದ ಅಂಗಡಿಗಳೆಲ್ಲ ರಾತ್ರಿ ಬೆಳಗಾಗುವುದರಲ್ಲಿ ಮುಚ್ಚಿದವು. ಆಗ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್ ಮತ್ತು ಸನ್ನಿ ಹಿಡಿದು ಬಂದವರ ಸಂಖ್ಯೆ ಏರಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಇವರು ಮನಸ್ಸು ಮಾಡಿ ಬಿಟ್ಟವರಲ್ಲ, ಸಿಗದೆ ಬಿಟ್ಟವರು. ದೇಹಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಆಸ್ಪತ್ರೆಯಲ್ಲಿ ಈ ಮಿಣಿಯನ್ನು ಒಮ್ಮೆಗೇ ಹರಿಯಗೊಡದೆ ನಿಧಾನವಾಗಿ ಸಡಿಲಿಸುತ್ತಾರೆ. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್, ಯಕೃತ್ತು ಕೆಟ್ಟವರಿಗೆ ಲೊರಾಜೆಪಾಮ್ — ಇವುಗಳಲ್ಲೊಂದನ್ನು ಮೊದಲ ದಿನ ಪೂರ್ಣ ಪ್ರಮಾಣದಲ್ಲಿ ಕೊಟ್ಟು, ದಿನದಿಂದ ದಿನಕ್ಕೆ ತಗ್ಗಿಸುತ್ತ ಒಂದು ವಾರ ಹತ್ತು ದಿನದಲ್ಲಿ ನಿಲ್ಲಿಸುತ್ತಾರೆ. ರೋಗಿಯು ಮೊದಲೆರಡು ದಿನ ಹೆಚ್ಚು ಹೊತ್ತು ಮಂಪರಿನಲ್ಲಿರುವುದನ್ನು ಕಂಡು "ಮತ್ತು ಬರಿಸಿ ಕೆಡವಿದ್ದಾರೆ" ಎಂದು ಮನೆಯವರು ಗಾಬರಿಯಾಗಬಾರದು. ಈ ಮಾತ್ರೆಗಳೂ ಚಟ ಹಿಡಿಸಬಲ್ಲವು. ಆದುದರಿಂದ ಬಿಡುಗಡೆಯಾದ ಮೇಲೆ ಅಂಗಡಿಯಿಂದ ತಾವೇ ಕೊಂಡು ನುಂಗುವುದು ಸರ್ವಥಾ ಕೂಡದು.

ಮತ್ತೊಂದು ಮುಖ್ಯ ಔಷಧಿ ಥಯಾಮಿನ್, ಎಂದರೆ ಬಿ-1 ಜೀವಸತ್ವ. ಅಕ್ಕಿಯನ್ನು ಹೆಚ್ಚು ಪಾಲಿಶ್ ಮಾಡಿದಾಗ ತೌಡಿನೊಡನೆ ಹೊರಟುಹೋಗುವುದೂ ಇದೇ. ಕುಡಿಯುವವನು ಉಣ್ಣುವುದು ಕಡಿಮೆ, ಉಂಡದ್ದರಲ್ಲಿ ಈ ಸತ್ವ ಮೈಗೆ ಹತ್ತುವುದು ಇನ್ನೂ ಕಡಿಮೆ. ಇದರ ಕೊರತೆ ತೀವ್ರವಾದರೆ ನಡಿಗೆ ತೂರಾಡುತ್ತದೆ, ಕಣ್ಣಿನ ಚಲನೆ ಕೆಡುತ್ತದೆ, ಮನಸ್ಸು ಗೊಂದಲವಾಗುತ್ತದೆ. ಕೊನೆಗೆ ನೆನಪಿನ ಶಕ್ತಿ ಶಾಶ್ವತವಾಗಿ ನಷ್ಟವಾಗಬಹುದು. ಸುಸ್ತಾಗಿ ಬಿದ್ದ ಕುಡುಕನಿಗೆ ಊರಿನಲ್ಲಿಯೇ "ಎರಡು ಬಾಟ್ಲಿ ಗ್ಲೂಕೋಸ್ ಏರಿಸಿ" ಎನ್ನುವ ರೂಢಿ ಇದೆಯಷ್ಟೆ. ಥಯಾಮಿನ್ ಕೊಡದೆ ಬರಿ ಗ್ಲೂಕೋಸ್ ಏರಿಸಿದರೆ ಉಳಿದಷ್ಟು ಜೀವಸತ್ವವೂ ಖರ್ಚಾಗಿ ಈ ಕಾಯಿಲೆ ಉಲ್ಬಣಿಸಬಹುದು. ಆದುದರಿಂದಲೇ ಆಸ್ಪತ್ರೆಯಲ್ಲಿ ಥಯಾಮಿನ್ ಚುಚ್ಚುಮದ್ದಿಗೆ ಅಷ್ಟು ಮಹತ್ವ. ಇದೇ ವಾರ ರಕ್ತ, ಯಕೃತ್ತು, ಸಕ್ಕರೆಯ ಪರೀಕ್ಷೆಗಳನ್ನೂ, ಬಿದ್ದು ತಲೆಗೆ ಪೆಟ್ಟಾಗಿದೆಯೆ ಎಂಬುದನ್ನೂ ನೋಡುತ್ತಾರೆ.

ಆಮೇಲಿನ ವಾರಗಳು

ಹತ್ತನೆಯ ದಿನದ ಹೊತ್ತಿಗೆ ನಡುಕ ನಿಂತು, ಹಸಿವು ಮರಳಿ, ಮುಖದಲ್ಲಿ ಕಳೆ ಬಂದಿರುತ್ತದೆ. "ನನಗೇನೂ ಆಗಿಲ್ಲ, ಮನೆಗೆ ಹೋಗುತ್ತೇನೆ" ಎಂಬ ಹಟ ಆರಂಭವಾಗುವುದೂ ಆಗಲೇ. ಮನೆಯವರು ಇಲ್ಲಿ ಸಡಿಲವಾಗಬಾರದು. ದೇಹದಿಂದ ಮದ್ಯ ಹೋಗಿದೆ. ಅದನ್ನು ಹುಡುಕಿಕೊಂಡು ಹೋಗುವ ಅಭ್ಯಾಸ ಹೋಗಿಲ್ಲ.

ಇಲ್ಲಿಂದ ಮುಂದೆ ದಿನಚರಿ ಸರಳವಾದುದು. ಬೆಳಿಗ್ಗೆ ಬೇಗ ಏಳುವುದು, ಯೋಗ ಅಥವಾ ವ್ಯಾಯಾಮ, ಹೊತ್ತಿಗೆ ಸರಿಯಾಗಿ ಊಟ, ಗುಂಪು ಚರ್ಚೆ, ಆಪ್ತ ಸಮಾಲೋಚಕರೊಡನೆ ಮಾತು, ವಾರ್ಡಿನಲ್ಲಿ ಸಣ್ಣಪುಟ್ಟ ಕೆಲಸ. ಸಮಾಲೋಚಕರು ಬಯ್ಯುವುದಿಲ್ಲ, ಪ್ರಮಾಣ ಮಾಡಿಸುವುದಿಲ್ಲ. ಯಾವ ಹೊತ್ತಿನಲ್ಲಿ, ಯಾರ ಜೊತೆ, ಯಾವ ದಾರಿಯಲ್ಲಿ ಬರುವಾಗ ಕುಡಿಯಬೇಕೆನಿಸುತ್ತದೆ ಎಂದು ಕೆದಕಿ ಕೇಳುತ್ತಾರೆ. ಕುಡಿಯಬೇಕೆಂಬ ತುಡಿತ ಬಂದು ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆಯನ್ನು ಹೊಟ್ಟೆತುಂಬ ನೀರು ಕುಡಿದು, ಏನಾದರೂ ತಿಂದು, ಜಾಗ ಬದಲಾಯಿಸಿ, ಯಾರೊಡನಾದರೂ ಮಾತಾಡಿ ಕಳೆಯುವುದನ್ನು ಅಭ್ಯಾಸ ಮಾಡಿಸುತ್ತಾರೆ. ಖಾಲಿ ಹೊಟ್ಟೆ, ಸಿಟ್ಟು, ಒಂಟಿತನ, ಆಯಾಸ ಈ ನಾಲ್ಕರಲ್ಲಿ ತುಡಿತ ಬಲವಾಗುತ್ತದೆ. ದಣಿದು ಹೊಲದಿಂದ ಸಂಜೆ ಒಬ್ಬನೇ ಮರಳುವ ರೈತನಲ್ಲಿ ಈ ನಾಲ್ಕೂ ಒಟ್ಟಿಗೇ ಕೂಡಿರುವುದುಂಟು.

ಕೆಲವು ಕಡೆ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗದವರು ಬಂದು ಸಭೆ ನಡೆಸುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಪರಸ್ಪರ ನೆರವಾಗಿ ಕುಡಿತ ಬಿಟ್ಟದ್ದರಿಂದ ಹುಟ್ಟಿದ ಈ ಬಳಗ ಭಾರತಕ್ಕೆ 1957ರಲ್ಲಿ ಬಂದಿತು. ಶುಲ್ಕವಿಲ್ಲ, ಹೆಸರು ಹೊರಗೆ ಹೇಳುವುದಿಲ್ಲ.

ಹೆಂಡತಿ, ತಾಯಿ, ಅಣ್ಣತಮ್ಮಂದಿರನ್ನು ಕೂರಿಸಿಕೊಂಡು ಮಾತಾಡುವ ದಿನಗಳಿಗೆ ತಪ್ಪದೆ ಹೋಗಬೇಕು. ವರ್ಷಗಟ್ಟಲೆ ಪೆಟ್ಟು, ಬೈಗುಳ, ಸಾಲ ಸಹಿಸಿದ ಹೆಂಡತಿಯ ಮಾತನ್ನು ಅಡ್ಡಮಾತಿಲ್ಲದೆ ಕೇಳುವುದು ಅನೇಕ ಮನೆಗಳಲ್ಲಿ ಅದೇ ಮೊದಲ ಸಲವಾಗಿರುತ್ತದೆ. ಅವಳು ಸರಿಯಾಗಿದ್ದರೆ ಇವನು ಕುಡಿಯುತ್ತಿರಲಿಲ್ಲ ಎನ್ನುವ ಹಿರಿಯರಿದ್ದಾರೆ. ಅದಕ್ಕೆ ಯಾವ ಆಧಾರವೂ ಇಲ್ಲ. ಇಲ್ಲಿಯೇ ಸಾಲದ ಪಟ್ಟಿಯನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಚ್ಚಿಟ್ಟ ಕೈಸಾಲ ಮನೆಗೆ ಮರಳಿದ ಮೊದಲ ವಾರವೇ ಬಾಗಿಲಿಗೆ ಬರುತ್ತದೆ.

ತುಡಿತ ತಗ್ಗಿಸುವ ಔಷಧಿಗಳು

ನಾಲ್ಟ್ರೆಕ್ಸೋನ್ ಮಾತ್ರೆ ಕುಡಿತದಿಂದ ಸಿಗುವ ಹಿತವನ್ನು ಕುಗ್ಗಿಸುತ್ತದೆ. ಇದನ್ನು ತೆಗೆದುಕೊಳ್ಳುವವರಿಗೆ ಕೆಲವು ಬಲವಾದ ನೋವುನಿವಾರಕಗಳು ನಾಟುವುದಿಲ್ಲವಾದ್ದರಿಂದ, ಶಸ್ತ್ರಚಿಕಿತ್ಸೆಯ ಸಂದರ್ಭ ಬಂದರೆ ವೈದ್ಯರಿಗೆ ತಿಳಿಸಬೇಕು. ಅಕಾಂಪ್ರೊಸೇಟ್, ಬ್ಯಾಕ್ಲೊಫೆನ್ ಎಂಬವೂ ಇವೆ. ಯಾರಿಗೆ ಯಾವುದೆಂಬುದು ಯಕೃತ್ತು ಮತ್ತು ಮೂತ್ರಪಿಂಡದ ಸ್ಥಿತಿಯನ್ನು ನೋಡಿ ವೈದ್ಯರು ನಿರ್ಧರಿಸಬೇಕಾದ ವಿಷಯ.

ಡೈಸಲ್ಫಿರಾಮ್‌ನ ಕಥೆ ರೈತರಿಗೆ ಸ್ವಾರಸ್ಯಕರವಾದುದು. ಬೀಜೋಪಚಾರಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಥೈರಾಮ್ ಶಿಲೀಂಧ್ರನಾಶಕ ನಿಮಗೆ ಗೊತ್ತೇ ಇದೆ. ಡೈಸಲ್ಫಿರಾಮ್ ಅದೇ ರಾಸಾಯನಿಕ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ವಸ್ತುಗಳನ್ನು ರಬ್ಬರ್ ತಯಾರಿಕೆಯಲ್ಲಿಯೂ ಬಳಸುತ್ತಾರೆ. ಅಲ್ಲಿನ ಕೆಲಸಗಾರರಿಗೆ ಮದ್ಯ ಒಗ್ಗದೆ ಹೋಗುವುದನ್ನು ಅಮೆರಿಕದ ವೈದ್ಯನೊಬ್ಬ 1937ರಲ್ಲಿಯೇ ಗುರುತಿಸಿದ್ದ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸೆನ್ ಇದನ್ನು ಔಷಧಿಯಾಗಿ ಬಳಕೆಗೆ ತಂದರು. ಇದು ಯಕೃತ್ತಿನಲ್ಲಿ ಮದ್ಯ ಅರ್ಧ ಸುಟ್ಟು ವಿಷಪದಾರ್ಥವಾಗಿ ನಿಲ್ಲುವಂತೆ ಮಾಡುತ್ತದೆ. ಮಾತ್ರೆಯ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಪ್ರಾಣಾಪಾಯವೂ ಉಂಟು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಈ ಪರಿಣಾಮ ಉಳಿದಿರಬಹುದು. ಅರಿಷ್ಟ, ಆಸವಗಳಲ್ಲಿಯೂ ಕೆಲವು ಕೆಮ್ಮಿನ ಔಷಧಿಗಳಲ್ಲಿಯೂ ಮದ್ಯಸಾರವಿರುವುದರಿಂದ ಅವನ್ನೂ ಮುಟ್ಟಬಾರದು. (ಬೀಜಕ್ಕೆ ಥೈರಾಮ್ ಲೇಪಿಸಿದ ದಿನ ಕುಡಿದವರಿಗೂ ಹೀಗೆಯೇ ಆಗಬಹುದು ಎಂಬುದನ್ನು ಕೂಲಿಯಾಳುಗಳಿಗೆ ಹೇಳುವುದು ಒಳ್ಳೆಯದು.)

ಆದುದರಿಂದ ಡೈಸಲ್ಫಿರಾಮನ್ನು ರೋಗಿಯ ತಿಳಿವಳಿಕೆ ಮತ್ತು ಒಪ್ಪಿಗೆಯಿಂದ ಮಾತ್ರ ಕೊಡತಕ್ಕದ್ದು. "ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ" ಎಂದು ಮಾರುವ ಪುಡಿ, ಹನಿಗಳಲ್ಲಿ ಏನಿದೆಯೆಂದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಅದರಲ್ಲಿ ಈ ಮದ್ದು ಇದ್ದರೆ, ತಿಳಿಯದೆ ಅದರ ಮೇಲೆ ಕುಡಿದವನು ರಸ್ತೆಯಲ್ಲಿಯೇ ಕುಸಿಯಬಹುದು.

ಮನೆಗೆ ಬಂದ ಮೇಲೆ

ಮೊದಲ ಮೂರು ತಿಂಗಳು ಬಲು ನಾಜೂಕು. ನಿದ್ರೆ ಸರಿಹೋಗಲು ವಾರಗಳು, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಸಣ್ಣ ಮಾತಿಗೂ ಸಿಡುಕು ಬರುತ್ತದೆ. "ಕುಡಿಯುತ್ತಿದ್ದಾಗಲೇ ಚೆನ್ನಾಗಿದ್ದ" ಎಂದು ಮನೆಯವರಿಗೆ ಅನಿಸುವಷ್ಟು! ಇದು ಕಾಯಿಲೆ ಮಾಗುವ ಹಂತ. ವೈದ್ಯರು ಬರಹೇಳಿದ ದಿನಗಳಿಗೆ, ಚೆನ್ನಾಗಿದ್ದರೂ ಸರಿಯೆ, ಹೋಗಿ ಬರಬೇಕು.

ಹಣದ ವಿಷಯದಲ್ಲಿ ನಾಚಿಕೆ ಬೇಡ. ಮಾರುಕಟ್ಟೆಯ ಹಣ, ಹಾಲಿನ ಬಟವಾಡೆ ನೇರವಾಗಿ ಬ್ಯಾಂಕಿಗೆ ಹೋಗಲಿ. ಸಾಧ್ಯವಾದರೆ ಹೆಂಡತಿಯ ಹೆಸರೂ ಸೇರಿದ ಜಂಟಿ ಖಾತೆಗೆ. ಮಾಲು ಒಯ್ಯುವ ದಿನ ಜೊತೆಗೊಬ್ಬರು ಹೋಗಬೇಕು. ಮಾರುಕಟ್ಟೆಯಿಂದ ಮರಳುವ ಸಂಜೆ ಹಿಂದಿನ ಎಷ್ಟೋ ವರ್ಷಗಳ ಅಭ್ಯಾಸದ ಸಂಜೆ. ಪಂಪ್‌ಸೆಟ್ಟಿಗೆ ರಾತ್ರಿ ಮಾತ್ರ ವಿದ್ಯುತ್ ಬರುವ ಕಡೆ, ಚಳಿಗೂ ಹೆದರಿಕೆಗೂ ಎಂದು ತೋಟದ ಮನೆಯಲ್ಲಿ ಬಾಟಲಿ ಇಡುವ ರೂಢಿಯುಂಟು. ಮೊದಲ ಕೆಲವು ತಿಂಗಳು ರಾತ್ರಿಯ ನೀರಿಗೆ ಒಂಟಿಯಾಗಿ ಕಳುಹಿಸಬೇಡಿ. ಹೋಗುವ ಮುನ್ನ ಅವರೇ ತೋಟದ ಮನೆ, ಹುಲ್ಲಿನ ಬಣವೆ, ಪಂಪಿನ ಕೋಣೆಗಳಲ್ಲಿ ಅಡಗಿಸಿದ್ದನ್ನು ತೆಗೆದುಹಾಕುವುದು ಒಳಿತು. ಜಾಗ ಗೊತ್ತಿರುವುದು ಅವರಿಗೇ. ಕೂಲಿಯ ಜೊತೆ ಕುಡಿಯಲು ಕೊಡುವ ಪದ್ಧತಿಯಿದ್ದರೆ ಈ ಮನೆಯಲ್ಲಿ ಅದು ನಿಲ್ಲಬೇಕು. ಜಾತ್ರೆ, ಮದುವೆ, ತಿಥಿಗಳಿಗೆ ಹೊಟ್ಟೆತುಂಬ ಉಂಡು ಹೋಗಿ, ಕತ್ತಲಾಗುವ ಮುನ್ನ ಮರಳಬೇಕು. ಅದೂ ಕಷ್ಟವೆನಿಸಿದರೆ ಒಂದು ವರ್ಷ ಹೋಗದಿದ್ದರೂ ನೆಂಟರು ತಪ್ಪು ತಿಳಿಯಲಾರರು, ತಿಳಿದರೂ ನಷ್ಟವಿಲ್ಲ.

ಕೃಷಿಕರ ಮನೆಯ ಮಟ್ಟಿಗೆ ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕಾಗಿದೆ. ಕುಡಿತ ಬಿಟ್ಟ ಮೇಲೆ ಸಾಲ, ಅವಮಾನ, ಕಳೆದುಹೋದ ವರ್ಷಗಳು ತಿಳಿಯಾಗಿ ಕಣ್ಣಿಗೆ ಕಾಣತೊಡಗಿ ಕೆಲವರು ತೀರಾ ಕುಗ್ಗುತ್ತಾರೆ. ಮತ್ತೆ ಕುಡಿದ ದಿನ ಈ ಅಪಾಯ ಇನ್ನೂ ಹೆಚ್ಚು. ಕೀಟನಾಶಕ, ಕಳೆನಾಶಕಗಳನ್ನು ಮನೆಯಲ್ಲಿ ಇಡಬೇಡಿ. ಇಡಲೇಬೇಕಾದರೆ ಬೀಗ ಹಾಕಿ ಕೀಲಿ ಬೇರೆಯವರ ಬಳಿ ಇರಲಿ. ಆ ಹಂಗಾಮಿಗೆ ಬೇಕಾದಷ್ಟನ್ನು ಮಾತ್ರ ತನ್ನಿ. ಸಾಯುವ ಮಾತು ಬಾಯಿಗೆ ಬಂದರೆ ಅದನ್ನು ಬರಿಯ ಹೆದರಿಸುವ ಮಾತೆಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತಿಳಿಸಬೇಕು.

ಮತ್ತೆ ಕುಡಿದರೆ?

ಅನೇಕರು ಮೊದಲ ವರ್ಷದಲ್ಲಿ ಒಮ್ಮೆಯಾದರೂ ಜಾರುತ್ತಾರೆ. ಸಕ್ಕರೆ ಕಾಯಿಲೆಯವನಿಗೆ ಹಬ್ಬದ ಮರುದಿನ ಸಕ್ಕರೆ ಏರಿದರೆ ಚಿಕಿತ್ಸೆಯೇ ಸುಳ್ಳೆಂದು ಯಾರೂ ಹೇಳುವುದಿಲ್ಲ. ಇಲ್ಲಿಯೂ ಹಾಗೆಯೇ. ಒಂದು ಸಂಜೆ ಕುಡಿದು ಬಂದರೆ ಆ ರಾತ್ರಿ ವಾದ ಬೇಡ. ಬೆಳಿಗ್ಗೆ ತಿಳಿಯಾದಾಗ ಮಾತಾಡಿ, ಸಾಧ್ಯವಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿದ್ದವರು ಕುಡಿದು ವಾಂತಿ, ಎದೆ ಬಡಿತ, ತಲೆಸುತ್ತು ಬಂದರೆ ಬೆಳಗಾಗುವವರೆಗೂ ಕಾಯದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಜಾರಿದವರು ಕುಡಿತವನ್ನು ಹಲವು ದಿನ ಮುಂದುವರಿಸಿದ್ದರೆ, ಮೊದಲಿನಂತೆಯೇ ಈ ಬಾರಿಯೂ ಮನೆಯಲ್ಲಿ ಒಮ್ಮೆಲೆ ನಿಲ್ಲಿಸಬಾರದು. ಹೋಗುವಾಗ ಹಳೆಯ ಬಿಡುಗಡೆ ಚೀಟಿಯನ್ನು ತಪ್ಪದೆ ಒಯ್ಯಿರಿ. ಹಿಂದೆ ಫಿಟ್ಸ್ ಬಂದಿತ್ತೆ, ಯಾವ ಮಾತ್ರೆ ಎಷ್ಟು ಕೊಟ್ಟಿದ್ದರು, ಯಾವುದು ಒಗ್ಗಲಿಲ್ಲ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ.